ಅಂಗವಾಚಕ ಪದಗಳ ಸಾಕ್ಷ್ಯ: ಕನ್ನಡದ ಭಾಷಾಬಾಂಧವ್ಯ ನಿರ್ಣಯವಾದ ಬಗೆ

ಶಾಸನ, ನಾಣ್ಯ, ಕಟ್ಟಡ, ಕಡತ ಇವು ಇತಿಹಾಸದ ವಿದ್ಯಾರ್ಥಿಗೆ ಪರಿಚಿತವಾದ ಆಧಾರಗಳು. ಇವು ದೊರೆಯದ ಕಾಲದ ಸಂಗತಿಯನ್ನು ತಿಳಿಯಬೇಕಾದಾಗ ಅವನು ಬೇರೆ ಬಗೆಯ ಸಾಕ್ಷ್ಯವನ್ನು ಅರಸಬೇಕಾಗುತ್ತದೆ. ಅಂತಹ ಸಾಕ್ಷ್ಯಗಳಲ್ಲಿ ಜನರ ಬಾಯಿಂದ ಬಾಯಿಗೆ ಉಳಿದುಬಂದ ಮಾತು ಮುಖ್ಯವಾದುದು. ಅದರಲ್ಲಿಯೂ ಕಣ್ಣು, ಕಿವಿ, ಮೂಗು, ಬಾಯಿ, ಹಲ್ಲು, ಕೈ, ಕಾಲು ಎಂಬ, ತಾಯಿಯ ತೊಡೆಯ ಮೇಲೆ ಕಲಿತ ಪದಗಳು ಯಾವ ತಾಮ್ರಪಟಕ್ಕಿಂತಲೂ ಹಳೆಯ ಸಂಗತಿಗಳನ್ನು ಹೇಳಬಲ್ಲವು.

ನಮ್ಮ ಕಾಲೇಜುಗಳ ತರಗತಿಗಳಲ್ಲಿ ಎರಡು ಅಭಿಪ್ರಾಯಗಳು ಪದೇ ಪದೇ ತಲೆದೋರುತ್ತವೆ. ಕನ್ನಡವು ಸಂಸ್ಕೃತದಿಂದ ಹುಟ್ಟಿದ ಭಾಷೆಯೆಂಬುದು ಒಂದು. ಕನ್ನಡವು ದ್ರಾವಿಡ ಭಾಷೆಯಾದುದರಿಂದ ಕನ್ನಡಿಗರು ದ್ರಾವಿಡವೆಂಬ ಬೇರೊಂದು ರಕ್ತಕ್ಕೆ ಸೇರಿದವರೆಂಬುದು ಇನ್ನೊಂದು. ಮೊದಲನೆಯದನ್ನು ಅಂಗವಾಚಕ ಪದಗಳೇ ಅಲ್ಲಗಳೆಯುತ್ತವೆ. ಎರಡನೆಯದನ್ನು ಆ ಪದಗಳಿಂದ ಸಾಧಿಸಲು ಸಾಧ್ಯವೇ ಇಲ್ಲ. ಈ ಸಾಕ್ಷ್ಯದ ಬಲವೆಷ್ಟು, ಅದರ ಎಲ್ಲೆ ಯಾವುದು ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೧

ನೆರೆಯ ಭಾಷೆಗಳಿಂದ ಪದಗಳನ್ನು ಕಡವಾಗಿ ಪಡೆಯದೆ ಬಾಳಿದ ಭಾಷೆ ಇಲ್ಲವೆಂದೇ ಹೇಳಬಹುದು. ಆದರೆ ಎಲ್ಲ ಬಗೆಯ ಪದಗಳೂ ಒಂದೇ ಪ್ರಮಾಣದಲ್ಲಿ ಕಡವಾಗಿ ಬರುವುದಿಲ್ಲ. ಹೊಸ ಮತ, ಹೊಸ ಆಡಳಿತ, ಹೊಸ ಉಡುಪು ಬಂದಾಗ ಅವುಗಳೊಡನೆ ಅವುಗಳ ಹೆಸರೂ ಬರುತ್ತದೆ. ಕಚೇರಿ, ಜಮೀನು, ದರ್ಜಿ ಎಂಬ ಮಾತುಗಳು ನಮ್ಮಲ್ಲಿಗೆ ಬಂದುದು ಹೀಗೆ. ಕಣ್ಣಿಗೂ ಕಾಲಿಗೂ ಹೆಸರು ಹೊರಗಿನಿಂದ ಬರಬೇಕಾದ ಅಗತ್ಯವಿಲ್ಲ. ಅವು ಮನುಷ್ಯನೊಡನೆಯೇ ಹುಟ್ಟಿದವು. ೨೦೦೯ರಲ್ಲಿ ಹಾಸ್ಪೆಲ್‌ಮಾತ್ ಮತ್ತು ಟಾಡ್‌ಮೋರ್ ಅವರು ಜಗತ್ತಿನ ೪೧ ಭಾಷೆಗಳ ಶಬ್ದಸಂಪತ್ತನ್ನು ತೂಗಿ ನೋಡಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಅದರಲ್ಲಿಯೂ ಮತಧರ್ಮಕ್ಕೆ ಮತ್ತು ಉಡುಪಿಗೆ ಸಂಬಂಧಿಸಿದ ಪದಗಳು ಅತಿ ಹೆಚ್ಚಾಗಿ ಕಡತಂದವುಗಳ ಸಾಲಿನಲ್ಲಿಯೂ, ದೇಹಕ್ಕೆ ಸಂಬಂಧಿಸಿದ ಪದಗಳು ಅತಿ ಕಡಿಮೆ ಕಡತಂದವುಗಳ ಸಾಲಿನಲ್ಲಿಯೂ ನಿಂತಿವೆ.

ಈ ಮಾತಿಗೆ ನಮ್ಮ ಶಾಸನಗಳೇ ನಿದರ್ಶನವನ್ನು ಒದಗಿಸುತ್ತವೆ. ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ಕಾಲಂ ಕರ್ಚಿ ಧಾರಾಪೂರ್ವಕಂ’ ಎಂಬ ಮಾತಿನ ಕಟ್ಟು ಚಿರಪರಿಚಿತ. ಪ್ರತಿಗ್ರಹಿಯ ಕಾಲು ತೊಳೆದು, ನೀರೆರೆದು, ಭೂಮಿಯನ್ನು ಕೊಡುವ ವಿಧಿಯನ್ನು ಅದು ಹೇಳುತ್ತದೆ. ಧರ್ಮಶಾಸ್ತ್ರದ ವಿಧಿಯನ್ನು ಸೂಚಿಸುವ ‘ಧಾರಾಪೂರ್ವಕ’ ಸಂಸ್ಕೃತ. ತೊಳೆಯುವ ಕೆಲಸವನ್ನೂ ತೊಳೆಯಲ್ಪಡುವ ಅಂಗವನ್ನೂ ಹೇಳುವ ಮಾತುಗಳು ಅಚ್ಚಗನ್ನಡ. ಪಾದಪ್ರಕ್ಷಾಳನವೆಂಬ ಸಂಸ್ಕೃತ ಪದ ಶಾಸನಕವಿಗೆ ತಿಳಿಯದೆ ಇರಲಿಲ್ಲ. ಆದರೂ ಕಾಲೆಂಬ ಮಾತು ಆ ಗಂಭೀರ ಸನ್ನಿವೇಶದಲ್ಲಿಯೂ ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ.

೨

ಅಂಗವಾಚಕ ಪದಗಳ ಹೋಲಿಕೆಯಿಂದ ಭಾಷೆಗಳ ನಂಟನ್ನು ಗುರುತಿಸುವ ವಿಧಾನ ಮೊದಲು ರೂಪುಗೊಂಡುದು ಸಂಸ್ಕೃತವನ್ನೂ ಯೂರೋಪಿನ ಭಾಷೆಗಳನ್ನೂ ಕುರಿತ ಚರ್ಚೆಯಲ್ಲಿ. ಆ ಚರ್ಚೆಯ ಮೊದಲ ಸುಳಿವುಗಳು ನಮ್ಮ ನೆರೆಯಲ್ಲಿಯೇ ಕಾಣುತ್ತವೆ. ಗೋವೆಯಲ್ಲಿದ್ದ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ೧೫೮೩ರಲ್ಲಿ ತನ್ನ ಸೋದರನಿಗೆ ಬರೆದ ಪತ್ರದಲ್ಲಿ, ಈ ಸೀಮೆಯ ಭಾಷೆಗಳ ರಚನೆಯು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ರಚನೆಯನ್ನು ಹೋಲುವುದೆಂದು ತಿಳಿಸಿದನು. ಪುದುಚೇರಿಯಲ್ಲಿದ್ದ ಫ್ರೆಂಚ್ ಪಾದ್ರಿ ಕೂರ್ದೂ ೧೭೬೭ರಲ್ಲಿ ಸಂಸ್ಕೃತಕ್ಕೂ ಗ್ರೀಕ್–ಲ್ಯಾಟಿನ್‌ಗಳಿಗೂ ಸಮಾನವಾದ ಪದಗಳನ್ನು ಪಟ್ಟಿಮಾಡಿ ಪ್ಯಾರಿಸಿಗೆ ಕಳುಹಿಸಿದನು. ಅದು ಅಚ್ಚಾದುದು ೧೮೦೮ರಲ್ಲಿ. ಈ ನಡುವೆ, ೧೭೮೬ರ ಫೆಬ್ರುವರಿ ೨ರಂದು, ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ, ಈ ಮೂರು ಭಾಷೆಗಳೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲಭಾಷೆ ಈಗ ಪ್ರಾಯಶಃ ಉಳಿದಿಲ್ಲ ಎಂಬ ಅಭಿಪ್ರಾಯವನ್ನು ಮಂಡಿಸಿದನು.

ಈ ಅಭಿಪ್ರಾಯವನ್ನು ಎತ್ತಿಹಿಡಿದ ಪದಗಳಲ್ಲಿ ಅಂಗಗಳ ಹೆಸರುಗಳು ಎದ್ದು ಕಾಣುತ್ತವೆ. ಸಂಸ್ಕೃತದ ‘ಪದ್’, ಗ್ರೀಕಿನ ‘ಪೊದೊಸ್’, ಲ್ಯಾಟಿನ್ನಿನ ‘ಪೆದಿಸ್’, ಇಂಗ್ಲಿಷಿನ ‘ಫುಟ್’ ಒಂದು ಸಾಲು. ‘ದಂತ’, ‘ಒದೊಂತೊಸ್’, ‘ದೆಂತಿಸ್’, ‘ಟೂತ್’ ಇನ್ನೊಂದು. ‘ಜಾನು’, ‘ಗೊನು’, ‘ಗೆನು’, ಇಂಗ್ಲಿಷಿನಲ್ಲಿ ಹಿಂದೆ ‘ಕ್ನೀ’ ಎಂದು ನುಡಿಯುತ್ತಿದ್ದ ‘ನೀ’ ಮತ್ತೊಂದು. ‘ನಾಸಾ’, ‘ನಾಸುಸ್’, ‘ನೋಸ್’. ‘ನಾಭಿ’, ‘ಒಂಫಲೊಸ್’, ‘ನೇವಲ್’. ‘ಭ್ರೂ’, ‘ಒಫ್ರೂಸ್’, ‘ಬ್ರೌ’ ಇವೂ ಅದೇ ಬಗೆಯವು.

ಆದರೆ ಕಿವಿಗೆ ಒಂದೇ ಎನಿಸುವ ಧ್ವನಿಯಷ್ಟೇ ಪ್ರಮಾಣವಲ್ಲ. ಲ್ಯಾಟಿನ್ನಿನ ಪಕಾರವಿರುವೆಡೆ ಇಂಗ್ಲಿಷಿನಲ್ಲಿ ಫಕಾರ, ದಕಾರವಿರುವೆಡೆ ಟಕಾರ, ಗಕಾರವಿರುವೆಡೆ ಕಕಾರ ನಿಯತವಾಗಿ ಬರುವುದೆಂಬುದನ್ನು ೧೮೧೮ರಲ್ಲಿ ರಾಸ್ಕ್, ೧೮೨೨ರಲ್ಲಿ ಯಾಕೋಬ್ ಗ್ರಿಮ್ ತೋರಿಸಿಕೊಟ್ಟರು. ಪೆದಿಸ್–ಫುಟ್, ದೆಂತಿಸ್–ಟೂತ್, ಗೆನು–ಕ್ನೀ ಎಂಬ ಜೋಡಿಗಳಲ್ಲಿ ಈ ಮೂರೂ ವ್ಯತ್ಯಾಸಗಳನ್ನು ನೋಡಬಹುದು. ಹೋಲಿಕೆಗಿಂತ ವ್ಯತ್ಯಾಸದ ನಿಯಮಬದ್ಧತೆಯೇ ನಂಟಿನ ಗುರುತು ಎಂಬುದು ಅಂದಿನಿಂದ ಭಾಷಾಶಾಸ್ತ್ರದ ಮೂಲಸೂತ್ರವಾಯಿತು.

೩

ಈ ಕುಟುಂಬದಲ್ಲಿ ಕನ್ನಡದ ಸ್ಥಾನ ಯಾವುದು? ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ವಿದ್ವಾಂಸರ ಉತ್ತರ ಸರಳವಾಗಿತ್ತು. ಕೇರಿ, ಕೋಲ್‌ಬ್ರೂಕ್ ಮೊದಲಾದವರು ದಕ್ಷಿಣದ ಭಾಷೆಗಳನ್ನೂ ಸಂಸ್ಕೃತದ ಸಂತತಿಯೆಂದೇ ಎಣಿಸಿದ್ದರು. ಈ ಮತವನ್ನು ಮೊದಲು ಶಾಸ್ತ್ರೀಯವಾಗಿ ಖಂಡಿಸಿದವನು ಮದರಾಸಿನ ಕಲೆಕ್ಟರನಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್. ೧೮೧೬ರಲ್ಲಿ ಎ. ಡಿ. ಕ್ಯಾಂಬೆಲ್ ಪ್ರಕಟಿಸಿದ ತೆಲುಗು ವ್ಯಾಕರಣದ ಪೀಠಿಕೆಗೆ ಎಲ್ಲಿಸ್ ಒಂದು ಟಿಪ್ಪಣಿಯನ್ನು ಸೇರಿಸಿದನು. ಧಾತುಗಳು, ಪದಗಳು, ವಾಕ್ಯರಚನೆ ಎಂಬ ಮೂರು ನೆಲೆಗಳಲ್ಲಿ ಹೋಲಿಸಿ, ತಮಿಳು, ತೆಲುಗು, ಕನ್ನಡಗಳು ಒಂದೇ ಕುಲದವೆಂದೂ, ಆ ಕುಲ ಸಂಸ್ಕೃತದಿಂದ ಬೇರೆಯೆಂದೂ ಅವನು ನಿರೂಪಿಸಿದನು. ಮಲಯಾಳ, ತುಳು, ಕೊಡಗು ಭಾಷೆಗಳನ್ನೂ, ದೂರದ ರಾಜಮಹಲ್ ಬೆಟ್ಟಗಳ ಭಾಷೆಯನ್ನೂ ಅವನು ಈ ವರ್ಗದೊಡನೆ ಸೇರಿಸಿ ಹೇಳಿದನು. ಸಂಸ್ಕೃತ ಮತ್ತು ಯೂರೋಪಿನ ಭಾಷೆಗಳ ಕ್ರಿಯಾರೂಪಗಳನ್ನು ಹೋಲಿಸಿದ ಫ್ರಾನ್ಸ್ ಬಾಪ್‌ನ ಪ್ರಸಿದ್ಧ ಗ್ರಂಥವೂ ಅದೇ ೧೮೧೬ರಲ್ಲಿ ಹೊರಬಂದುದು ಗಮನಾರ್ಹ.

ಎಲ್ಲಿಸ್‌ಗೆ ಈ ಬೆಳಕು ಯೂರೋಪಿನಿಂದ ಮಾತ್ರ ಬಂದುದಲ್ಲ. ೧೮೧೨ರಲ್ಲಿ ಸ್ಥಾಪಿತವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಮುಖ್ಯ ಪಂಡಿತನಾಗಿದ್ದ ಪಟ್ಟಾಭಿರಾಮಶಾಸ್ತ್ರಿ ಸಿದ್ಧಪಡಿಸಿದ ಧಾತುಪಟ್ಟಿಯನ್ನೂ, ಮಾಮಿಡಿ ವೆಂಕಯ್ಯನ ‘ಆಂಧ್ರದೀಪಿಕೆ’ಯನ್ನೂ ಅವನು ಆಧಾರವಾಗಿ ಬಳಸಿದನು. ತತ್ಸಮ, ತದ್ಭವ, ದೇಶ್ಯ ಎಂಬ ವಿಂಗಡಣೆ ಅಲ್ಲಿ ಸಿದ್ಧವಾಗಿಯೇ ಇತ್ತು. ಕನ್ನಡದಲ್ಲಿಯೂ ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತದಿಂದ ಬಂದ ಪದಗಳನ್ನೂ ದೇಶ್ಯಗಳನ್ನೂ ಬೇರ್ಪಡಿಸಿದ್ದನು. ಅದೇ ಶತಮಾನದಲ್ಲಿ ಆಂಡಯ್ಯನು ತತ್ಸಮಗಳನ್ನು ತೊರೆದು ‘ಕಬ್ಬಿಗರ ಕಾವ’ವನ್ನು ರಚಿಸಿದನು. ಯಾವುದು ಮನೆಯದು, ಯಾವುದು ಹೊರಗಿನಿಂದ ಬಂದುದು ಎಂಬ ವಿವೇಕ ನಮ್ಮ ವೈಯಾಕರಣರಲ್ಲಿ ಮೊದಲೇ ಇದ್ದಿತು. ಆ ದೇಶ್ಯವು ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಒಂದೇ ಆಗಿರುವುದೇಕೆಂಬ ಪ್ರಶ್ನೆಯನ್ನು ಎತ್ತಿ ಉತ್ತರಿಸಿದುದು ೧೮೧೬ರ ಸಾಧನೆ. ಮುಂದೆ ೧೮೫೬ರಲ್ಲಿ ಕಾಲ್ಡ್‌ವೆಲ್ ತನ್ನ ತೌಲನಿಕ ವ್ಯಾಕರಣದಲ್ಲಿ ಈ ಕುಟುಂಬಕ್ಕೆ ‘ದ್ರಾವಿಡ’ವೆಂಬ ಹೆಸರನ್ನು ನೆಲೆಗೊಳಿಸಿದನು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಕನ್ನಡ ಪದಗಳ ಎದುರಿಗೆ ಸೋದರಭಾಷೆಗಳ ರೂಪಗಳನ್ನು ಕೊಟ್ಟು ಈ ಕೆಲಸವನ್ನು ಮುಂದುವರಿಸಿತು. ಬರೋ ಮತ್ತು ಎಮಿನೋ ಅವರ ದ್ರಾವಿಡ ವ್ಯುತ್ಪತ್ತಿಕೋಶ ೧೯೬೧ರಲ್ಲಿಯೂ, ಅದರ ಪರಿಷ್ಕೃತ ಆವೃತ್ತಿ ೧೯೮೪ರಲ್ಲಿಯೂ ಪ್ರಕಟವಾದುವು.

೪

ಈಗ ಪದಗಳನ್ನೇ ಪರೀಕ್ಷಿಸೋಣ. ಕಣ್ಣಿಗೆ ತಮಿಳಿನಲ್ಲಿ ‘ಕಣ್’, ಮಲಯಾಳದಲ್ಲಿಯೂ ತುಳುವಿನಲ್ಲಿಯೂ ‘ಕಣ್ಣ್’, ತೆಲುಗಿನಲ್ಲಿ ‘ಕನ್ನು’. ಮೈಸೂರಿಗೆ ಸಮೀಪದ ನೀಲಗಿರಿಯ ಕೋತರಲ್ಲಿ ‘ಕಣ್’, ತೊದವರಲ್ಲಿ ‘ಕೊಣ್’. ಮೂಗಿಗೆ ತಮಿಳಿನಲ್ಲಿ ‘ಮೂಕ್ಕು’, ತೆಲುಗಿನಲ್ಲಿ ‘ಮುಕ್ಕು’. ನಾಲಗೆಗೆ ತೆಲುಗಿನಲ್ಲಿ ‘ನಾಲುಕ’, ತುಳುವಿನಲ್ಲಿ ‘ನಾಲಾಯಿ’. ಕಾಲಿಗೆ ತಮಿಳಿನಲ್ಲಿ ‘ಕಾಲ್’, ತೆಲುಗಿನಲ್ಲಿ ‘ಕಾಲು’, ತುಳುವಿನಲ್ಲಿ ‘ಕಾರ್’. ಇವನ್ನು ಅಕ್ಷಿ, ನಾಸಾ, ಜಿಹ್ವಾ, ಪಾದಗಳೊಡನೆ ಇಟ್ಟು ನೋಡಿದರೆ ಯಾವುದು ಯಾರ ನಂಟೆಂಬುದು ಸ್ಪಷ್ಟವಾಗುತ್ತದೆ. ಪದವಷ್ಟೇ ಅಲ್ಲ, ಪದಗಳನ್ನು ಜೋಡಿಸುವ ರೀತಿಯೂ ಒಂದೇ: ಕಣ್ಣಿನ ನೀರಿಗೆ ಕನ್ನಡದಲ್ಲಿ ‘ಕಣ್ಣೀರು’, ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ‘ಕಣ್ಣೀರ್’, ತೆಲುಗಿನಲ್ಲಿ ‘ಕನ್ನೀರು’.

ಗ್ರಿಮ್ ಹೇಳಿದಂತಹ ನಿಯತ ವ್ಯತ್ಯಾಸ ಇಲ್ಲಿಯೂ ಉಂಟು. ತಮಿಳಿನ ‘ಪಲ್’, ‘ಪೊಕ್ಕುಳ್’ ಎಂಬವು ಕನ್ನಡದಲ್ಲಿ ‘ಹಲ್ಲು’, ‘ಹೊಕ್ಕುಳು’ ಆಗಿವೆ. ಹಳಗನ್ನಡದಲ್ಲಿ ಇದು ‘ಪಲ್’ ಎಂದೇ ಇದ್ದಿತು. ಹತ್ತನೆಯ ಶತಮಾನದಿಂದ ಮುಂದೆ ಶಾಸನಗಳಲ್ಲಿ ಅಲ್ಲಲ್ಲಿ ಕಾಣತೊಡಗಿದ ಹಕಾರವು ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ನೆಲೆಗೊಂಡಿತು. ಲ್ಯಾಟಿನ್ನಿನ ಪಕಾರ ಇಂಗ್ಲಿಷಿನಲ್ಲಿ ಫಕಾರವಾದುದು ಲಿಖಿತ ದಾಖಲೆಗಳಿಗಿಂತ ಹಿಂದಿನ ಕಥೆ. ನಮ್ಮ ಪಕಾರ ಹಕಾರವಾದುದನ್ನು ಕಲ್ಲಿನ ಮೇಲೆ ಶತಮಾನದಿಂದ ಶತಮಾನಕ್ಕೆ ಅನುಸರಿಸಬಹುದು. ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯಲಾರದು. ಹಾಗೆಯೇ ತಮಿಳಿನ ‘ವಾಯ್’, ‘ವಿರಲ್’, ‘ವಯಿಱು’ಗಳ ವಕಾರಕ್ಕೆ ಕನ್ನಡದ ‘ಬಾಯ್’, ‘ಬೆರಳ್’, ‘ಬಸಿಱ್’ಗಳಲ್ಲಿ ಬಕಾರ ಬರುತ್ತದೆ. ತಮಿಳು ತೆಲುಗುಗಳ ‘ಚೆವಿ’ ಕನ್ನಡದಲ್ಲಿ ‘ಕಿವಿ’. ತಮಿಳಿನ ‘ಚೆಂ’ ಕನ್ನಡದಲ್ಲಿ ‘ಕೆಂ’. ತೆಲುಗಿನ ‘ಚೆರುವು’ ಕನ್ನಡದಲ್ಲಿ ‘ಕೆಱೆ’. ಕಿವಿಯ ವಿಷಯದಲ್ಲಿ ಹಳೆಯ ಧ್ವನಿಯನ್ನು ಉಳಿಸಿಕೊಂಡಿರುವುದು ಕನ್ನಡವೇ. ಕೋತರ ‘ಕೆವ್’, ತುಳುವಿನ ‘ಕೆಬಿ’ ಇದಕ್ಕೆ ಸಾಕ್ಷಿ.

ಸಾಕ್ಷ್ಯವು ಇನ್ನೂ ದೂರಕ್ಕೆ ಹೋಗುತ್ತದೆ. ಛೋಟಾನಾಗಪುರದ ಕುರುಖ್ ಭಾಷೆಯಲ್ಲಿ ಹಲ್ಲಿಗೆ ‘ಪಲ್ಲ್’, ಕಣ್ಣಿಗೆ ‘ಖನ್ನ್’, ಕಿವಿಗೆ ‘ಖೆಬ್ದಾ’. ಬಲೂಚಿಸ್ತಾನದ ಬ್ರಾಹೂಯಿಯಲ್ಲಿ ಕಣ್ಣಿಗೆ ‘ಖನ್’, ಕಿವಿಗೆ ‘ಖಫ್’, ಬಾಯಿಗೆ ‘ಬಾ’. ಕನ್ನಡದ ಕಕಾರಕ್ಕೆ ಈ ಎರಡರಲ್ಲಿಯೂ ಗಂಟಲಿನ ಖಕಾರ ಬರುವುದು ನಿಯತವಾಗಿದೆ. ಬ್ರಾಹೂಯಿ ಜನರು ಇರಾನೀ ಭಾಷೆಗಳ ನಡುವೆ ಬಹುಕಾಲ ಬಾಳಿದವರು. ಅವರ ಎಣಿಕೆಯಲ್ಲಿ ಒಂದು, ಎರಡು, ಮೂರು ಎಂಬವು ಮಾತ್ರ ದ್ರಾವಿಡ. ನಾಲ್ಕರಿಂದ ಮುಂದಿನವು ಇರಾನೀ ಕಡಗಳು. ಲೆಕ್ಕವೇ ಕೈಬಿಟ್ಟುಹೋದ ಕಡೆಯಲ್ಲಿ ಕಣ್ಣು, ಕಿವಿ, ಬಾಯಿ ಉಳಿದುಕೊಂಡಿವೆ.

೫

ಇಷ್ಟಾದರೂ ಈ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸದೆ ಒಪ್ಪುವುದು ಇತಿಹಾಸಕಾರನಿಗೆ ತಕ್ಕುದಲ್ಲ.

ಮೊದಲನೆಯದಾಗಿ, ಅಂಗವಾಚಕಗಳೂ ಕಡವಾಗಿ ಬರಬಹುದು. ಮುಖ, ಕಂಠ, ಭುಜ ಎಂಬುವು ಇಂದು ಕನ್ನಡದ ಮನೆಮಾತುಗಳೇ. ನೆತ್ತರೆನ್ನುವವರಿಗಿಂತ ರಕ್ತವೆನ್ನುವವರೇ ಹೆಚ್ಚು. ಎರಡನೆಯದಾಗಿ, ಒಂದು ಪದ ಬೇರೆಯಾದ ಮಾತ್ರಕ್ಕೆ ನಂಟು ಅಳಿಯುವುದಿಲ್ಲ. ಕೈಗೆ ಸಂಸ್ಕೃತದಲ್ಲಿ ‘ಹಸ್ತ’, ಗ್ರೀಕಿನಲ್ಲಿ ‘ಖೇಯಿರ್’, ಲ್ಯಾಟಿನ್ನಿನಲ್ಲಿ ‘ಮನುಸ್’, ಇಂಗ್ಲಿಷಿನಲ್ಲಿ ‘ಹ್ಯಾಂಡ್’. ಇವೆಲ್ಲ ಒಂದೇ ಪದದ ರೂಪಗಳಲ್ಲ. ತೆಲುಗರು ಬಾಯಿಗೆ ಸಾಮಾನ್ಯವಾಗಿ ‘ನೋರು’ ಎನ್ನುತ್ತಾರೆ. ಕೊಡವರು ತಲೆಗೆ ‘ಮಂಡೆ’ ಎನ್ನುತ್ತಾರೆ. ಮೂರನೆಯದಾಗಿ, ಒಂದೊಂದೇ ಪದದ ಹೋಲಿಕೆ ಮೋಸಗೊಳಿಸಬಹುದು. ಹುಬ್ಬಿಗೆ ಹಳಗನ್ನಡದ ‘ಪುರ್ಬು’, ತಮಿಳಿನ ‘ಪುರುವಂ’ ಎಂಬವು ಸಂಸ್ಕೃತದ ‘ಭ್ರೂ’ವನ್ನು ಹೋಲುತ್ತವೆ. ಇಷ್ಟರಿಂದಲೇ ಎರಡು ಕುಟುಂಬಗಳನ್ನು ಒಂದಾಗಿಸಲಾಗದು. ಇತರ ಪದಗಳು ಅದಕ್ಕೆ ಒಡಂಬಡುವುದಿಲ್ಲ.

ಈ ಎಚ್ಚರಿಕೆಯನ್ನು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿಯೇ ಕಲಿಯಬಹುದು. ಅಲ್ಲಿ ಕನ್ನಡದವನ ‘ಕಣ್’ ಕಣ್ಣಾದರೆ ಉರ್ದುವಿನವನ ‘ಕಾನ್’ ಕಿವಿ. ಅದು ಸಂಸ್ಕೃತದ ‘ಕರ್ಣ’ದಿಂದ ಬಂದುದು. ಧ್ವನಿಯಲ್ಲಿ ಇಷ್ಟು ಹತ್ತಿರವಿರುವ ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಅದೇ ಉರ್ದುವಿನ ‘ದಾಂತ್’ ಎಂಬುದು ಇಂಗ್ಲಿಷಿನ ‘ಟೂತ್’ಗೆ ದಾಯಾದಿ, ಪಕ್ಕದಲ್ಲಿ ನಿಂತ ಕನ್ನಡಿಗನ ‘ಹಲ್ಲಿ’ಗೆ ದಾಯಾದಿಯಾದ ಪದ ಛೋಟಾನಾಗಪುರದ ಕಾಡಿನಲ್ಲಿದೆ. ಮಾರುಕಟ್ಟೆಯ ಇಬ್ಬರೂ ಒಂದೇ ಊರಿನವರು, ಒಂದೇ ನೀರು ಕುಡಿದವರು.

೬

ಈ ಕಡೆಯ ಮಾತು ನಮ್ಮನ್ನು ಎರಡನೆಯ ಪ್ರಶ್ನೆಗೆ ಒಯ್ಯುತ್ತದೆ. ಭಾಷೆಯ ನಂಟು ರಕ್ತದ ನಂಟೇ? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಲವರು ಹೌದೆಂದು ತಿಳಿದರು. ಹರ್ಬರ್ಟ್ ರಿಸ್ಲಿ ೧೮೯೧ರಲ್ಲಿ ಪ್ರಕಟವಾದ ಬಂಗಾಳದ ಜಾತಿಗಳ ಗ್ರಂಥದಲ್ಲಿ ಮೂಗಿನ ಅಗಲವನ್ನು ಅದರ ಉದ್ದದೊಡನೆ ಹೋಲಿಸಿ ಜನರನ್ನು ವಿಂಗಡಿಸಿದನು; ಜಾತಿಯ ಮೇಲುಕೀಳುಗಳಿಗೂ ಮೂಗಿನ ಅಳತೆಗೂ ಸಂಬಂಧವುಂಟೆಂದು ವಾದಿಸಿದನು. ೧೯೦೮ರ ಅವನ ಗ್ರಂಥದಲ್ಲಿ ಭಾರತದ ಜನರು ಏಳು ವರ್ಗಗಳಾದರು. ಆ ವರ್ಗಗಳಿಗೆ ಅವನು ಕೊಟ್ಟ ಹೆಸರುಗಳಲ್ಲಿ ‘ಆರ್ಯ’, ‘ದ್ರಾವಿಡ’ ಎಂಬ ಭಾಷಾಶಾಸ್ತ್ರದ ಮಾತುಗಳೇ ಸೇರಿಕೊಂಡವು. ಮೂಗೆಂಬ ಪದದಿಂದ ಹೊರಟ ವಿಚಾರ ಮೂಗಿನ ಅಳತೆಗೆ ಬಂದು ನಿಂತಿತು.

ಮೈಸೂರು ಈ ಪ್ರವಾಹದಿಂದ ಹೊರಗುಳಿಯಲಿಲ್ಲ. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾದ ಎಚ್. ವಿ. ನಂಜುಂಡಯ್ಯನವರು ಆರಂಭಿಸಿ, ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರ್ಣಗೊಳಿಸಿದ, ಮೈಸೂರಿನ ಬುಡಕಟ್ಟುಗಳನ್ನೂ ಜಾತಿಗಳನ್ನೂ ಕುರಿತ ನಾಲ್ಕು ಸಂಪುಟಗಳು ೧೯೨೮ರಿಂದ ೧೯೩೫ರವರೆಗೆ ವಿಶ್ವವಿದ್ಯಾನಿಲಯದಿಂದ ಪ್ರಕಟವಾದುವು. ಜನಜೀವನದ ವಿವರಗಳಿಗಾಗಿ ಆ ಸಂಪುಟಗಳು ಇಂದಿಗೂ ಅಮೂಲ್ಯ. ಆದರೆ ೧೯೩೫ರ ಮೊದಲನೆಯ ಸಂಪುಟದಲ್ಲಿ, ಭಾರತದ ಜನಾಂಗ ಚರಿತ್ರೆಯಲ್ಲಿ ಮೈಸೂರಿನ ಸ್ಥಾನವನ್ನು ಕುರಿತು ಜರ್ಮನಿಯ ಐಕ್‌ಸ್ಟೆಡ್ ಎಂಬ ಮಾನವಶಾಸ್ತ್ರಜ್ಞನ ಲೇಖನವೂ ಸೇರಿದೆ. ಅಂತಹ ಜನಾಂಗವಾದಕ್ಕೆ ಮುಂದಿನ ಹತ್ತು ವರ್ಷಗಳಲ್ಲಿ ಯೂರೋಪು ತೆತ್ತ ಬೆಲೆ ಏನೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದುದೇ ಆಗಿದೆ.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ‘ಆರ್ಯ ಜನಾಂಗ’ವೆಂಬ ಮಾತನ್ನು ತಾನೇ ಹಿಂದೆ ಸಡಿಲವಾಗಿ ಬಳಸಿದ್ದ ಮ್ಯಾಕ್ಸ್ ಮುಲ್ಲರ್, ೧೮೮೮ರಲ್ಲಿ ಅದನ್ನು ಬಲವಾಗಿ ತಿರಸ್ಕರಿಸಿದನು. ಆರ್ಯವೆಂಬುದು ಭಾಷೆಯ ಹೆಸರೇ ಹೊರತು ರಕ್ತದ್ದಲ್ಲ, ನಿಘಂಟಿಗೆ ತಲೆಬುರುಡೆಯ ಆಕಾರವನ್ನು ಹಚ್ಚುವುದು ಎಷ್ಟು ಅಸಂಗತವೋ ರಕ್ತಕ್ಕೆ ಭಾಷೆಯ ಹೆಸರನ್ನು ಹಚ್ಚುವುದೂ ಅಷ್ಟೇ ಅಸಂಗತ ಎಂಬುದು ಅವನ ವಾದದ ಸಾರ. ಬ್ರಾಹೂಯಿ ಜನರೇ ಇದಕ್ಕೆ ಕಣ್ಣೆದುರಿನ ನಿದರ್ಶನ. ಅವರು ರೂಪದಲ್ಲಿ ತಮ್ಮ ನೆರೆಯ ಬಲೂಚರನ್ನು ಹೋಲುತ್ತಾರೆ, ನಮ್ಮನ್ನಲ್ಲ. ಆದರೂ ಅವರ ಕಣ್ಣಿನ ಹೆಸರು ನಮ್ಮದೇ. ಮೈಸೂರಿನಲ್ಲಿ ಉರ್ದು ನುಡಿಯುವವರಿಗೂ ಕನ್ನಡ ನುಡಿಯುವವರಿಗೂ ಅಂಗಗಳ ಹೆಸರುಗಳು ಬೇರೆ. ಅಂಗಗಳನ್ನು ನೋಡಿ ಯಾರು ಯಾವ ಭಾಷೆಯವರೆಂದು ಹೇಳಬಲ್ಲವರಿಲ್ಲ. ೨೦೦೯ರಿಂದ ಈಚೆಗೆ ನಡೆದಿರುವ ತಳಿವಿಜ್ಞಾನದ ಸಂಶೋಧನೆಗಳೂ ಭಾರತದ ಬಹುತೇಕ ಎಲ್ಲ ಸಮುದಾಯಗಳಲ್ಲಿ ಪ್ರಾಚೀನ ಜನಧಾರೆಗಳ ಮಿಶ್ರಣವನ್ನೇ ಕಂಡಿವೆ. ಪ್ರಮಾಣದಲ್ಲಿ ವ್ಯತ್ಯಾಸವುಂಟು, ಬೆರಕೆಯಿಲ್ಲದ ರಕ್ತವೆಂಬುದು ಕಾಣುವುದಿಲ್ಲ. ಮನುಷ್ಯನು ತಂದೆತಾಯಿಗಳಿಂದ ಮೂಗನ್ನು ಪಡೆಯುತ್ತಾನೆ. ಮೂಗೆಂಬ ಮಾತನ್ನು ತನ್ನನ್ನು ಎತ್ತಿ ಆಡಿಸಿದವರಿಂದ ಪಡೆಯುತ್ತಾನೆ. ಒಂದು ತಲೆಮಾರು ಹೊಸ ಮಾತನ್ನು ಕಲಿತರೆ ಎರಡನೆಯದು ಬದಲಾಗುತ್ತದೆ, ಮೊದಲನೆಯದು ಬದಲಾಗುವುದಿಲ್ಲ.

ಆದುದರಿಂದ ಅಂಗವಾಚಕ ಪದಗಳ ಸಾಕ್ಷ್ಯದಿಂದ ನಾವು ನಿಶ್ಚಯವಾಗಿ ಹೇಳಬಹುದಾದುದು ಇಷ್ಟು: ಕನ್ನಡವು ಸಂಸ್ಕೃತದ ಮಗಳಲ್ಲ, ತಮಿಳು ತೆಲುಗುಗಳ, ತುಳು ಕೊಡವಗಳ, ದೂರದ ಕುರುಖ್ ಬ್ರಾಹೂಯಿಗಳ ಸೋದರಿ. ಸಂಸ್ಕೃತದೊಡನೆ ಅದಕ್ಕಿರುವುದು ಒಂದೂವರೆ ಸಾವಿರ ವರ್ಷಗಳಿಗೂ ಮೀರಿದ ಸಹವಾಸದ ಸಂಬಂಧ. ಆ ಸಹವಾಸದಿಂದ ನಮ್ಮ ಸಾಹಿತ್ಯ, ಶಾಸ್ತ್ರ, ಶಾಸನಗಳು ಸಂಪನ್ನವಾದುವೆಂಬುದನ್ನು ಒಪ್ಪಿಕೊಳ್ಳಲು ಹುಟ್ಟಿನ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಇದಕ್ಕಿಂತ ಮುಂದೆ ಹೋಗಿ ಈ ಪದಗಳಿಂದ ಜನಾಂಗವನ್ನಾಗಲಿ, ಕುಲದ ಮೇಲುಕೀಳುಗಳನ್ನಾಗಲಿ ತೆಗೆಯಹೊರಟರೆ ಸಾಕ್ಷಿಯ ಬಾಯಿಂದ ಅವನು ಹೇಳದ ಮಾತನ್ನು ಹೇಳಿಸಿದಂತಾಗುತ್ತದೆ. ಸಾಕ್ಷಿ ಹೇಳಿದುದನ್ನು ಪೂರ್ತಿಯಾಗಿ ಕೇಳಬೇಕು. ಅವನು ಹೇಳದುದನ್ನು ಬರೆದುಕೊಳ್ಳಬಾರದು. ನಮ್ಮ ತರಗತಿಗಳಲ್ಲಿ ಈ ವಿಷಯ ಬಂದಾಗ ಅಧ್ಯಾಪಕರೂ ವಿದ್ಯಾರ್ಥಿಗಳೂ ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಈ ಲೇಖನದ ಶ್ರಮ ಸಾರ್ಥಕ.